ಟವರ್ ಇಲ್ಲ, ವೈಫೈ ಇದೆ: 112, 108ಕ್ಕೆ ಫೋನ್ ಮಾಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಈಗ ಒಂದು ವಿಚಿತ್ರ ಸ್ಥಿತಿ ಇದೆ. ಮನೆಗೆ ಫೈಬರ್ ಬಂದಿದೆ, ಟಿವಿಯಲ್ಲಿ ಸಿನಿಮಾ ಸರಾಗವಾಗಿ ಓಡುತ್ತದೆ, ಆದರೆ ಮೊಬೈಲ್‌ನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಮಾತೆಲ್ಲ ವೈಫೈ ಮೇಲೆಯೇ. ದಿನದ ಮಾತಿಗೆ ಅದು ಧಾರಾಳ ಸಾಕು. ರಾತ್ರಿ ಹನ್ನೊಂದಕ್ಕೆ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಾಗ ಸಾಕಾಗುತ್ತದಾ? ನೆಟ್ ಫೋನು ನಿಮ್ಮ ದನಿಯನ್ನು ಒಯ್ಯುತ್ತದೆ, ಆದರೆ ನಿಮ್ಮ ವಿಳಾಸವನ್ನೂ ಒಯ್ಯುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಕರೆಂಟ್ ಹೋದರೆ ದನಿಯೂ ಇಲ್ಲ. ಈ ಎರಡಕ್ಕೂ ಮೊದಲೇ ಏರ್ಪಾಟು ಮಾಡಿಕೊಳ್ಳಬಹುದು. ಜನ ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದ್ದೇನೆ.

ವೈಫೈ ಕಾಲಿಂಗ್ ಆನ್ ಇದೆ. 112 ಒತ್ತಿದರೆ ಹೋಗುತ್ತದಾ?

ಹೋಗಬಹುದು, ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ.

ವೈಫೈ ಕಾಲಿಂಗ್ ಅಂದರೆ ಫೋನಿನ ಮಾಮೂಲಿ ಡಯಲರ್‌ನಿಂದ, ನಿಮ್ಮದೇ ನಂಬರಿನಿಂದ, ಟವರ್ ಬದಲು ಮನೆಯ ಇಂಟರ್ನೆಟ್ ಹಿಡಿದು ಸಿಮ್ ಕಂಪನಿಗೆ ತಲುಪುವ ಕರೆ. ನಮ್ಮಲ್ಲಿ ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ತುರ್ತು ನಂಬರ್ ಒತ್ತಿದಾಗ ಫೋನು ಮೊದಲು ಹುಡುಕುವುದು ಟವರನ್ನೇ. ನಿಮ್ಮ ಕಂಪನಿಯ ಟವರ್ ಸಿಗದಿದ್ದರೆ ಬೇರೆ ಕಂಪನಿಯದ್ದನ್ನೂ ತಡಕಾಡುತ್ತದೆ. ಪರದೆ ಮೇಲೆ ಆಗಾಗ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಬರುತ್ತದಲ್ಲ, ಅದರ ಅರ್ಥ ಇದೇ: ನಿಮ್ಮ ಸಿಮ್‌ನದ್ದಲ್ಲದ ಯಾವುದೋ ಟವರ್ ಹತ್ತಿರ ಇದೆ, ಮಾಮೂಲಿ ಮಾತಿಗೆ ಅದು ಬಿಡುವುದಿಲ್ಲ, ತುರ್ತು ಕರೆಗೆ ಬಿಡುತ್ತದೆ. ಅಂಥ ಯಾವ ಟವರೂ ಸಿಗದಿದ್ದಾಗ ಮಾತ್ರ ಫೋನು ವೈಫೈ ಕಡೆ ತಿರುಗುತ್ತದೆ. ಅಲ್ಲಿಂದ ಮುಂದೆ ಕರೆ ಹೋಗುತ್ತದೋ ಇಲ್ಲವೋ ಅನ್ನೋದು ಫೋನಿನ ಮಾಡೆಲ್ ಮತ್ತು ಸಿಮ್ ಕಂಪನಿಗೆ ಬಿಟ್ಟಿದ್ದು.

ಈ ಹುಡುಕಾಟಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಒತ್ತಿದ ಮೇಲೆ ಏನೂ ಸದ್ದಿಲ್ಲ ಅಂತ ಗಾಬರಿಯಾಗಿ ಕಟ್ ಮಾಡಿ, ಮತ್ತೆ ಒತ್ತಿ, ಮತ್ತೆ ಕಟ್ ಮಾಡುವವರೇ ಜಾಸ್ತಿ. ಹಾಗೆ ಮಾಡಿದರೆ ಫೋನು ಪ್ರತಿ ಸಲವೂ ಮೊದಲಿಂದ ಹುಡುಕಬೇಕು. ಅರ್ಧ ನಿಮಿಷವಾದರೂ ಬಿಡಿ. ಆಗಲೂ ಆಗದಿದ್ದರೆ ಮುಂದೆ ಹೇಳಿರುವ ಎರಡನೇ ದಾರಿ ಹಿಡಿಯಿರಿ: ಟವರ್ ಇರುವ ಊರಿನವರ ಕೈಯಲ್ಲಿ ಕರೆ ಮಾಡಿಸುವುದು.

ವಾಟ್ಸಾಪ್‌ನಿಂದ 108ಕ್ಕೆ ಮಾಡಬಹುದಾ?

ಆಗುವುದಿಲ್ಲ. ವಾಟ್ಸಾಪ್ ಕರೆ ಇನ್ನೊಂದು ವಾಟ್ಸಾಪ್‌ಗೆ ಮಾತ್ರ ಹೋಗುತ್ತದೆ. ತುರ್ತು ಸೇವೆಗೆ ನಮ್ಮಿಂದ ಕರೆ ಹೋಗುವುದಿಲ್ಲ ಅಂತ ಅವರ ನಿಯಮಗಳಲ್ಲೇ ಬರೆದಿದೆ. ಟೆಲಿಗ್ರಾಂ, ಸಿಗ್ನಲ್ ಆ್ಯಪ್‌ಗಳದ್ದೂ ಇದೇ ಕತೆ.

ಹಾಗಾದರೆ ವಾಟ್ಸಾಪ್ ಒಂದೇ ಕೆಲಸ ಮಾಡುತ್ತಿದ್ದರೆ ಏನು ಮಾಡೋದು?

ಟವರ್ ಇರುವ ಊರಿನಲ್ಲಿರುವ ಒಬ್ಬರಿಗೆ ವಾಟ್ಸಾಪ್ ಕರೆ ಮಾಡಿ, ಅವರ ಕೈಯಲ್ಲಿ 112 ಮಾಡಿಸಿ. ನನ್ನ ಪ್ರಕಾರ ಮಲೆನಾಡಿನ ಮನೆಗಳಿಗೆ ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿಲ್ಲ. ಹಾಸನದಲ್ಲಿರುವ ಭಾವ, ಚಿಕ್ಕಮಗಳೂರಿನಲ್ಲಿರುವ ಅಕ್ಕ, ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಸ್ನೇಹಿತ, ಯಾರಾದರೂ ಸರಿ. ಒಬ್ಬರಲ್ಲ, ಇಬ್ಬರನ್ನು ಇಟ್ಟುಕೊಳ್ಳಿ, ಯಾಕೆಂದರೆ ರಾತ್ರಿ ಎರಡಕ್ಕೆ ಒಬ್ಬರ ಫೋನ್ ಸೈಲೆಂಟ್‌ನಲ್ಲಿರುತ್ತದೆ. ಅವರಿಗೆ ಮೊದಲೇ ಹೇಳಿಡಿ: ‘ನಮ್ಮ ಮನೆಯ ವಿಳಾಸ, ಮನೆಗೆ ಬರುವ ದಾರಿ, ಲೊಕೇಶನ್, ಎಲ್ಲ ನಿಮ್ಮ ಫೋನಿನಲ್ಲಿ ಇಟ್ಟುಕೊಂಡಿರಿ. ಮಧ್ಯರಾತ್ರಿ ಕರೆ ಬಂದರೆ ಎತ್ತಿ.’

ಅವರು 112ಕ್ಕೆ ಮಾತಾಡುವಾಗ ಮೊದಲ ವಾಕ್ಯದಲ್ಲೇ ಒಂದು ವಿಷಯ ಹೇಳಬೇಕು. ‘ನಾನು ಹಾಸನದಿಂದ ಮಾತಾಡ್ತಿದ್ದೀನಿ, ಆಂಬುಲೆನ್ಸ್ ಬೇಕಾಗಿರೋದು ಸಕಲೇಶಪುರ ತಾಲೂಕಿಗೆ.’ ಇದನ್ನು ಹೇಳದಿದ್ದರೆ ಅವರ ಫೋನ್ ಇರುವ ಜಾಗವನ್ನೇ ಘಟನೆಯ ಜಾಗ ಅಂದುಕೊಳ್ಳುವ ಸಂಭವ ಇದೆ. ನೀವು ವಾಟ್ಸಾಪ್ ಕರೆಯನ್ನು ಕಟ್ ಮಾಡಿ ಕಾಯಿರಿ. ಮಾತು ಮುಗಿಸಿ ಅವರೇ ನಿಮಗೆ ಮರಳಿ ಮಾಡಲಿ. ಎರಡು ಕರೆಯನ್ನೂ ಒಟ್ಟಿಗೆ ನಡೆಸಲು ಹೋದರೆ ಎರಡೂ ಕೆಡುತ್ತವೆ.

ನೆಟ್ ಮೂಲಕ ಯಾವ ನಂಬರಿಗೆ ಬೇಕಾದರೂ ಮಾಡಬಹುದಾದ ಆ್ಯಪ್‌ಗಳು, ಆಫೀಸಿನ ಐಪಿ ಫೋನ್‌ಗಳು ಇವೆಯಲ್ಲ?

ಇವೆ. ದೂರಸಂಪರ್ಕ ಇಲಾಖೆ 2018ರಲ್ಲಿ ಇಂಟರ್ನೆಟ್ ಟೆಲಿಫೋನಿಗೆ ದಾರಿ ಮಾಡಿಕೊಟ್ಟಿತು. ಅದಕ್ಕೆ ಮೊದಲು, 2017ರ ಅಕ್ಟೋಬರ್‌ನಲ್ಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ತನ್ನ ಶಿಫಾರಸಿನಲ್ಲಿ ಹೇಳಿದ್ದು ಇಷ್ಟು: ಇಂಥ ಫೋನುಗಳಿಂದ ತುರ್ತು ಕರೆಗೆ ಅನುಕೂಲ ಮಾಡಿಕೊಡುವಂತೆ ಕಂಪನಿಗಳನ್ನು ಉತ್ತೇಜಿಸಬಹುದು, ಸದ್ಯಕ್ಕೆ ಕಡ್ಡಾಯ ಬೇಡ, ಆದರೆ ಅದರ ಮಿತಿ ಏನು ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಆ ತಿಳಿವಳಿಕೆ ಸಾಮಾನ್ಯವಾಗಿ ನಾವ್ಯಾರೂ ಓದದೆ ‘ಒಪ್ಪಿಗೆ’ ಒತ್ತುವ ಪುಟದಲ್ಲಿರುತ್ತದೆ.

ಇಲ್ಲಿ ಒಂದು ಉಪಾಯ ಇದೆ. ಇಂಥ ಫೋನುಗಳು ಸಾಮಾನ್ಯವಾಗಿ ಮುಗ್ಗರಿಸುವುದು 112, 108 ತರಹದ ಮೂರಂಕಿ ನಂಬರಿನಲ್ಲಿ. ಎಸ್‌ಟಿಡಿ ಕೋಡ್ ಸಮೇತ ಪೂರ್ತಿ ನಂಬರ್ ಒತ್ತಿದರೆ ಮಾಮೂಲಿ ಕರೆಯಂತೆ ಹೋಗುತ್ತದೆ. ಹಾಗಾಗಿ ನಿಮ್ಮ ಪೊಲೀಸ್ ಠಾಣೆ, ತಾಲೂಕು ಆಸ್ಪತ್ರೆ, ಅಗ್ನಿಶಾಮಕ ಠಾಣೆ, ಇವುಗಳ ಪೂರ್ತಿ ಲ್ಯಾಂಡ್‌ಲೈನ್ ನಂಬರ್ ಬರೆದಿಟ್ಟುಕೊಳ್ಳಿ. ಹಾಸನ 08172, ಚಿಕ್ಕಮಗಳೂರು 08262, ಸಕಲೇಶಪುರ 08173, ಮೂಡಿಗೆರೆ 08263. ಬರೆದ ಮೇಲೆ ಒಂದು ಸಲ ಹಗಲು ಹೊತ್ತು ಫೋನ್ ಮಾಡಿ, ‘ಇದು ಠಾಣೆಯ ನಂಬರ್ ಹೌದಾ ಸಾರ್?’ ಅಂತ ಕೇಳಿ ಇಟ್ಟುಬಿಡಿ. ಹಳೇ ಡೈರಿಯಲ್ಲಿರುವ ಎಷ್ಟೋ ಲ್ಯಾಂಡ್‌ಲೈನ್‌ಗಳು ಈಗ ಬದುಕಿಲ್ಲ.

112ರವರಿಗೆ ನಾನು ಎಲ್ಲಿದ್ದೀನಿ ಅಂತ ತಾನಾಗೇ ಗೊತ್ತಾಗಲ್ವಾ?

ಟವರ್ ಮೂಲಕ ಹೋದ ಕರೆಯಲ್ಲಿ ಯಾವ ಟವರ್ ಅನ್ನೋದಾದರೂ ಗೊತ್ತಿರುತ್ತದೆ, ಆ ಸುಳಿವಿನ ಮೇಲೆ ಕರೆ ಸರಿಯಾದ ರಾಜ್ಯದ ಕೇಂದ್ರಕ್ಕೆ ತಿರುಗುತ್ತದೆ. ವೈಫೈ ಕರೆಯಲ್ಲಿ ಆ ಸುಳಿವು ಇಲ್ಲ. ನೆಟ್‌ನ ಐಪಿ ವಿಳಾಸ ನೋಡಿದರೆ ಆಗಾಗ ಬೆಂಗಳೂರು ಅಂತಲೋ ಮಂಗಳೂರು ಅಂತಲೋ ತೋರಿಸುತ್ತದೆ, ಯಾಕೆಂದರೆ ಕಂಪನಿಯ ದೊಡ್ಡ ಬಾಗಿಲು ಇರುವುದು ಅಲ್ಲಿ. ನೀವು ಕೊಟ್ಟಿಗೆಹಾರದಲ್ಲಿದ್ದರೂ ನಕ್ಷೆ ನಿಮ್ಮನ್ನು ಬೆಂಗಳೂರಲ್ಲಿ ಕೂರಿಸಿಬಿಡುತ್ತದೆ. ನೆಟ್ಟನ್ನು ಬೇರೆ ಊರಿನ ಮೂಲಕ ಸುತ್ತಿಸುವ ವಿಪಿಎನ್ ಬೇರೆ ಆನ್ ಇದ್ದರೆ ಸಿಂಗಾಪುರಕ್ಕೇ ಹೋದಿರಿ.

ಇನ್ನೊಂದು ಮಾತು. 112 ಒತ್ತಿದರೆ ಎತ್ತುವವರು ನಿಮ್ಮ ತಾಲೂಕಿನ ಠಾಣೆಯವರಲ್ಲ, ರಾಜ್ಯ ಮಟ್ಟದ ಕೇಂದ್ರದವರು. 108 ಕೂಡ ಹಾಗೆಯೇ. ಅವರಿಗೆ ನಿಮ್ಮ ತೋಟದ ಹೆಸರು ಗೊತ್ತಿರಬೇಕಾಗಿಲ್ಲ. ‘ಗೌಡ್ರ ತೋಟದ ಹಿಂದಿನ ಮನೆ’ ಅಂದರೆ ಆಚೆ ಕಡೆ ಇರುವವರು ಏನು ಟೈಪ್ ಮಾಡಬೇಕು ಹೇಳಿ?

ಮತ್ತೆ ವಿಳಾಸ ಹೇಗೆ ಹೇಳೋದು?

ದೊಡ್ಡದರಿಂದ ಚಿಕ್ಕದಕ್ಕೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಆಮೇಲೆ ಗುರುತು. ನಾವು ಸಾಮಾನ್ಯವಾಗಿ ಉಲ್ಟಾ ಹೇಳುತ್ತೇವೆ, ಮನೆ ಹೆಸರಿಂದ ಶುರು ಮಾಡಿ ಜಿಲ್ಲೆಗೆ ಬರುವಷ್ಟರಲ್ಲಿ ಲೈನ್ ಕಟ್ ಆಗಿರುತ್ತದೆ. ಹೊಸಹಳ್ಳಿ, ಹೊಸೂರು ಅನ್ನೋ ಹೆಸರಿನ ಊರುಗಳು ಎಷ್ಟಿವೆ ಅಂತ ಯೋಚನೆ ಮಾಡಿ. ತಾಲೂಕು ಹೇಳದೆ ಬರೀ ಹೊಸಹಳ್ಳಿ ಅಂದರೆ ಗಾಡಿ ಎಲ್ಲಿಗೆ ಬೇಕಾದರೂ ಹೋಗಬಹುದು.

ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿ. ಗಾಬರಿಯಲ್ಲಿ ಸ್ವಂತ ಮನೆಯ ಪಿನ್‌ಕೋಡ್ ಕೂಡ ನೆನಪಾಗುವುದಿಲ್ಲ. ನೆಂಟರ ಮಕ್ಕಳು, ಕೆಲಸಕ್ಕೆ ಬರುವವರು, ಯಾರು ಬೇಕಾದರೂ ನೋಡಿ ಓದುವಂತಿರಬೇಕು. ಹೀಗೆ:

‘ಹಾಸನ ಜಿಲ್ಲೆ, ಸಕಲೇಶಪುರ ತಾಲೂಕು, ಇಂಥ ಹೋಬಳಿ, ಇಂಥ ಗ್ರಾಮ. ಮುಖ್ಯ ರಸ್ತೆಯಲ್ಲಿ ಸೊಸೈಟಿ ಕಟ್ಟಡ ದಾಟಿದ ಮೇಲೆ ಎಡಕ್ಕೆ ಮಣ್ಣು ರಸ್ತೆ. ನೀಲಿ ಗೇಟು. ಗೇಟಿನಿಂದ ಮನೆ ಒಂದೂವರೆ ಕಿಲೋಮೀಟರ್. ಮಳೆಗಾಲದಲ್ಲಿ ದೊಡ್ಡ ಗಾಡಿ ಒಳಗೆ ಬರುವುದಿಲ್ಲ, ಜೀಪಿನಲ್ಲಿ ರೋಗಿಯನ್ನು ಗೇಟಿಗೆ ತರುತ್ತೇವೆ.’

ಕೊನೆಯ ವಾಕ್ಯ ಬಹಳ ಮುಖ್ಯ. ಆಂಬುಲೆನ್ಸ್ ತೋಟದೊಳಗಿನ ಕೆಸರಿನಲ್ಲಿ ಹೂತುಕೊಂಡರೆ ಅದನ್ನು ಎತ್ತಲು ಮತ್ತೊಂದು ಗಾಡಿ ಬೇಕು. ಗೇಟಿನ ಹತ್ತಿರ ಟಾರ್ಚ್ ಕೊಟ್ಟು ಒಬ್ಬರನ್ನು ನಿಲ್ಲಿಸಿ. ಆನೆ ಓಡಾಡುವ ಜಾಗವಾದರೆ ಗಾಡಿ ಬಿಟ್ಟು ಇಳಿಯುವುದು ಬೇಡ, ಜೀಪಿನ ಹೆಡ್‌ಲೈಟ್ ಹಾಕಿಕೊಂಡು ಒಳಗೇ ಕೂತಿರಲಿ.

ಕರೆ ಮಾಡಿದ ಕೂಡಲೇ ವಿಳಾಸ, ಆಮೇಲೆ ಏನಾಗಿದೆ ಅನ್ನೋದು, ಆಮೇಲೆ ಮರಳಿ ಮಾಡಬೇಕಾದ ನಂಬರ್. ಲೈನ್ ನಡುವೆ ಸತ್ತರೂ ವಿಳಾಸ ತಲುಪಿರುತ್ತದೆ. ಮರಳಿ ಮಾಡುವ ನಂಬರ್ ಹೇಳುವಾಗ ಎಚ್ಚರ: ವೈಫೈ ಕಾಲಿಂಗ್ ಆದರೆ ನಿಮ್ಮ ಮೊಬೈಲ್ ನಂಬರೇ ನಡೆಯುತ್ತದೆ, ವೈಫೈ ಬಿಟ್ಟು ಅಂಗಳಕ್ಕೆ ಓಡದಿದ್ದರೆ ಸಾಕು. ಬೇರೆ ಆ್ಯಪ್‌ನಿಂದ ಮಾಡಿದ್ದರೆ ಅವರ ಪರದೆಯಲ್ಲಿ ಬೇರೆ ನಂಬರ್ ಕಾಣಬಹುದು, ಅದಕ್ಕೆ ಮರಳಿ ಮಾಡಿದರೆ ನಿಮಗೆ ಬರುತ್ತದೆ ಅನ್ನೋ ಖಾತ್ರಿ ಇಲ್ಲ.

ಗೂಗಲ್ ಮ್ಯಾಪ್‌ನ ಅಂಕಿ, ಡಿಜಿಪಿನ್, ಇವೆಲ್ಲ ಉಪಯೋಗಕ್ಕೆ ಬರುತ್ತವಾ?

ಬರುತ್ತವೆ. ಫೋನಿನ ಜಿಪಿಎಸ್‌ಗೆ ಟವರೂ ಬೇಡ, ನೆಟ್ಟೂ ಬೇಡ, ಆಕಾಶ ಕಂಡರೆ ಸಾಕು. ತೋಟದ ಸಿಲ್ವರ್ ಓಕ್ ಮರಗಳ ಕೆಳಗೆ ನಿಧಾನ, ಅಷ್ಟೇ. ಮ್ಯಾಪ್‌ನಲ್ಲಿ ನೀವಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ, ಅಕ್ಷಾಂಶ ಮತ್ತು ರೇಖಾಂಶ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮೊದಲನೆಯದು 12 ಅಥವಾ 13ರಿಂದ, ಎರಡನೆಯದು 75 ಅಥವಾ 76ರಿಂದ ಶುರುವಾಗುತ್ತದೆ. ಬೇರೆ ಏನಾದರೂ ಬಂದರೆ ನೀವು ತಪ್ಪು ಜಾಗ ಒತ್ತಿದ್ದೀರಿ. ಚುಕ್ಕಿಯ ನಂತರ ನಾಲ್ಕು ಅಂಕಿ ಹೇಳಿದರೆ ಸಾಕು, ಸುಮಾರು ಹನ್ನೊಂದು ಮೀಟರ್ ಲೆಕ್ಕಕ್ಕೆ ಜಾಗ ಸಿಗುತ್ತದೆ. ಇದನ್ನು ಈಗಲೇ ನೋಡಿ ಗೋಡೆಯ ಕಾಗದದಲ್ಲಿ ಸೇರಿಸಿ. ನಿಮ್ಮ ಊರಿನ ನಕ್ಷೆಯನ್ನೂ ಆಫ್‌ಲೈನ್ ಇಳಿಸಿಟ್ಟುಕೊಳ್ಳಿ.

ಡಿಜಿಪಿನ್ ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಬಿಟ್ಟಿದ್ದು. ಹತ್ತು ಅಕ್ಷರ-ಅಂಕಿಗಳ ಗುರುತು, ನಾಲ್ಕು ಮೀಟರ್ ಉದ್ದ ನಾಲ್ಕು ಮೀಟರ್ ಅಗಲದ ಒಂದೊಂದು ಚೌಕಕ್ಕೆ ಒಂದೊಂದು. ಸರ್ವೆ ನಂಬರ್ ಬಿಟ್ಟರೆ ಬೇರೆ ವಿಳಾಸವೇ ಇಲ್ಲದ ತೋಟದ ಮನೆಗಳಿಗೆ ಒಳ್ಳೆಯದೇ. ಬರೆದಿಡಿ, ಆದರೆ ಊರು-ತಾಲೂಕು ಬಿಟ್ಟು ಅದೊಂದನ್ನೇ ಹೇಳಬೇಡಿ.

ಫೈಬರ್ ಜೊತೆ ಲ್ಯಾಂಡ್‌ಲೈನ್ ಕೊಟ್ಟಿದ್ದಾರೆ. ಅದು ಹಳೇ ಫೋನಿನಂತೆ ಯಾವಾಗಲೂ ಕೆಲಸ ಮಾಡುತ್ತದಲ್ಲ?

ಮಾಡುವುದಿಲ್ಲ. ನೋಡಲು ಒಂದೇ ತರಹ ಇದ್ದರೂ ಎರಡೂ ಬೇರೆ ಬೇರೆ.

ಹಳೇ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಕರೆಂಟ್ ಬರುತ್ತಿತ್ತು. ಅಲ್ಲಿ ಸಾಲಾಗಿ ದೊಡ್ಡ ಬ್ಯಾಟರಿಗಳು ಇರುತ್ತಿದ್ದವು. ಅದಕ್ಕೇ ಆಷಾಢದ ಮಳೆಯಲ್ಲಿ ಊರಿಗೆ ಊರೇ ಕತ್ತಲಲ್ಲಿದ್ದರೂ, ತಂತಿ ಹರಿಯದಿದ್ದರೆ, ರಿಸೀವರ್ ಎತ್ತಿದರೆ ‘ಗುಂಯ್’ ಅನ್ನುತ್ತಿತ್ತು. ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ನಿಮ್ಮ ಗೋಡೆಯ ಮೇಲಿನ ಡಬ್ಬಿ, ಓಎನ್‌ಟಿ ಅನ್ನುತ್ತಾರೆ, ಆ ಬೆಳಕನ್ನು ದನಿಯಾಗಿ ಮಾಡಿ ಫೋನಿಗೆ ಕೊಡುತ್ತದೆ. ಅದಕ್ಕೆ ನಿಮ್ಮ ಮನೆಯ ಕರೆಂಟೇ ಬೇಕು. ಕರೆಂಟ್ ಹೋದ ಕ್ಷಣಕ್ಕೆ ವೈಫೈ, ಲ್ಯಾಂಡ್‌ಲೈನ್, ವೈಫೈ ಕಾಲಿಂಗ್, ಮೂರೂ ಒಟ್ಟಿಗೆ ಸಾಯುತ್ತವೆ.

ನಮ್ಮ ಕಡೆ ತುರ್ತು ಬರುವುದೂ ಕರೆಂಟ್ ಹೋಗುವುದೂ ಹೆಚ್ಚಾಗಿ ಒಂದೇ ರಾತ್ರಿ. ಗಾಳಿಮಳೆಗೆ ಮರ ಬೀಳುತ್ತದೆ, ಅದೇ ಮರ ಕರೆಂಟ್ ತಂತಿಯನ್ನೂ ಎಳೆಯುತ್ತದೆ.

ಅದಕ್ಕೆ ಯಾವ ಯುಪಿಎಸ್ ಹಾಕಬೇಕು?

ರೂಟರ್‌ಗೆ ಅಂತಲೇ ಚಿಕ್ಕ ಡಿಸಿ ಯುಪಿಎಸ್ ಸಿಗುತ್ತದೆ, ಅಂಗೈಯಗಲ. ಕೊಳ್ಳುವ ಮೊದಲು ನಿಮ್ಮ ಡಬ್ಬಿಯ ಅಡಾಪ್ಟರ್ ತಿರುಗಿಸಿ ನೋಡಿ. ಔಟ್‌ಪುಟ್ ಅಂತ ಇರುವ ಸಾಲಿನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಆಂಪಿಯರ್ ಇರುತ್ತದೆ. ಯುಪಿಎಸ್ ಅದಕ್ಕೆ ಹೊಂದಬೇಕು, ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಓಎನ್‌ಟಿ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಹಾಕಿ ಇನ್ನೊಂದನ್ನು ಮರೆಯುವವರು ಬೇಕಾದಷ್ಟು ಜನ: ವೈಫೈ ಹೆಸರು ಕಾಣುತ್ತದೆ, ನೆಟ್ ಇಲ್ಲ.

ಮನೆಗೆ ಇನ್ವರ್ಟರ್ ಇದ್ದರೂ ಒಂದು ಕಿರಿಕಿರಿ ಇದೆ. ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಆ ಕಣ್ಣುಮಿಟುಕಿನಲ್ಲಿ ಡಬ್ಬಿ ಆಫ್ ಆಗಿ ಮತ್ತೆ ಏಳುತ್ತದೆ, ಪೂರ್ತಿ ಏಳಲು ಒಂದೆರಡು ನಿಮಿಷ ಬೇಕು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅನ್ನೋ ಗುಂಡಿ ಇದ್ದರೆ ಅದಕ್ಕೆ ತಿರುಗಿಸಿ. ಲ್ಯಾಂಡ್‌ಲೈನ್‌ಗೆ ಕಾರ್ಡ್‌ಲೆಸ್ ಫೋನ್ ಇಟ್ಟಿದ್ದರೆ ಅದರ ಬುಡಕ್ಕೂ ಕರೆಂಟ್ ಬೇಕು. ವೈರ್ ಇರುವ ಸಾದಾ ಫೋನೇ ಮೇಲು.

ನಿಮ್ಮ ಕಡೆ ಎಲ್ಲ ಸರಿ ಇದ್ದು ಆಪರೇಟರ್ ಕಡೆ ಬ್ಯಾಟರಿ ಇಲ್ಲದಿದ್ದರೆ? ಅದನ್ನೂ ಕೇಳಿ. ‘ದಾರಿ ಮಧ್ಯೆ ಕಂಬದ ಮೇಲೆ ಕರೆಂಟ್ ಬೇಕಾಗುವ ಡಬ್ಬಿ ಏನಾದರೂ ಇಟ್ಟಿದ್ದೀರಾ? ಕರೆಂಟ್ ಹೋದರೆ ಎಷ್ಟು ಹೊತ್ತು ನಡೆಯುತ್ತದೆ?’ ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಆಪರೇಟರ್ ಸಿಕ್ಕರೆ ಬಿಡಬೇಡಿ.

ಯುಪಿಎಸ್ ಇದೆ, ಡಬ್ಬಿ ಉರಿಯುತ್ತಿದೆ, ಆದರೂ ನೆಟ್ ಇಲ್ಲ. ‘ಎಲ್‌ಓಎಸ್’ ಅಂತ ಕೆಂಪು ದೀಪ ಮಿಣುಕುತ್ತಿದೆ.

ಫೈಬರ್ ಎಲ್ಲೋ ಹರಿದಿದೆ ಅಥವಾ ಬೆಳಕು ಬರುತ್ತಿಲ್ಲ. ರೀಸ್ಟಾರ್ಟ್ ಮಾಡಿ ಸಮಯ ಹಾಳು ಮಾಡಬೇಡಿ. ಟವರ್ ಸಿಗುವ ಜಾಗಕ್ಕೆ ಹೊರಡಿ. ಪ್ರತಿ ತೋಟದಲ್ಲೂ ಅಂಥದ್ದೊಂದು ಜಾಗ ಇದ್ದೇ ಇರುತ್ತದೆ, ಕಣದ ಮೂಲೆಯೋ ನೀರಿನ ಟ್ಯಾಂಕಿನ ಪಕ್ಕವೋ ಗುಡ್ಡದ ಮೇಲಿನ ಬಂಡೆಯೋ. ಯಾವ ಸಿಮ್ ಎಲ್ಲಿ ಸಿಗುತ್ತದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ಯಾವುದಕ್ಕೆ ಯಾವ ನಂಬರ್?

112 ಒಂದು ನೆನಪಿದ್ದರೆ ಸಾಕು: ಪೊಲೀಸ್, ಬೆಂಕಿ, ಆಂಬುಲೆನ್ಸ್, ಎಲ್ಲದಕ್ಕೂ. ಆಂಬುಲೆನ್ಸ್‌ಗೆ 108 ಇದ್ದೇ ಇದೆ, ಆರೋಗ್ಯ ಕವಚ ಅಂತ 2008ರಲ್ಲಿ ಶುರುವಾಗಿದ್ದು, ದುಡ್ಡು ಕೊಡಬೇಕಾಗಿಲ್ಲ. ಆನೆ, ಕಾಡ್ಗಿಚ್ಚಿಗೆ ಅರಣ್ಯ ಇಲಾಖೆಯ 1926. ಮಕ್ಕಳ ವಿಷಯಕ್ಕೆ 1098. ಮನಸ್ಸು ಕುಗ್ಗಿ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಕರೆಂಟ್ ತಂತಿ ಕಡಿದು ಬಿದ್ದಿದ್ದರೆ ವಿದ್ಯುತ್ ಕಂಪನಿಯ 1912, ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ.

ಇವೆಲ್ಲ ಚಿಕ್ಕ ನಂಬರ್‌ಗಳೇ. ನೆಟ್ ಫೋನಿನಿಂದ ಸಿಗದೆ ಇರಬಹುದು ಅನ್ನೋದು ಎಲ್ಲಕ್ಕೂ ಅನ್ವಯ.

ನಮ್ಮದು ಹೋಮ್‌ಸ್ಟೇ. ಅತಿಥಿಗಳಿಗೆ ಏನು ಹೇಳಬೇಕು?

ವೈಫೈ ಪಾಸ್‌ವರ್ಡ್ ಬರೆದ ಕಾರ್ಡ್ ಕೊಡುತ್ತೀರಲ್ಲ, ಅದರ ಹಿಂದೆಯೇ ವಿಳಾಸ ಮತ್ತು ಜಾಗದ ಅಂಕಿ ಅಚ್ಚು ಹಾಕಿಸಿ. ಅತಿಥಿಗಳಿಗೆ ತಾವು ಯಾವ ತಾಲೂಕಿನಲ್ಲಿದ್ದೀವಿ ಅನ್ನೋದೇ ಗೊತ್ತಿರುವುದಿಲ್ಲ. ಅವರ ಪಾಲಿಗೆ ಎಲ್ಲವೂ ‘ಚಿಕ್ಕಮಗಳೂರು’, ಸಕಲೇಶಪುರ ಕೂಡ. ಕೇರಳದ್ದೋ ಮಹಾರಾಷ್ಟ್ರದ್ದೋ ಸಿಮ್ ಇಟ್ಟುಕೊಂಡು ವೈಫೈ ಕಾಲಿಂಗ್ ಮೇಲೆ ಮಾಡಿದ ಕರೆ ಅವರ ರಾಜ್ಯದ ಕೇಂದ್ರಕ್ಕೇ ಹೋಗಿ ಕೂರಬಹುದು. ಹಾಗಾಗಿ ‘ಕರ್ನಾಟಕ’ ಅನ್ನೋ ಪದದಿಂದಲೇ ಮಾತು ಶುರುವಾಗಬೇಕು. ಅದಕ್ಕಿಂತ ಒಳ್ಳೆಯದು ಅತಿಥಿ ನಿಮ್ಮನ್ನು ಎಬ್ಬಿಸುವುದು. ರಾತ್ರಿ ಯಾವ ಬಾಗಿಲು ತಟ್ಟಬೇಕು ಅಂತ ಬಂದ ದಿನವೇ ತೋರಿಸಿಬಿಡಿ.

ರೂಮ್‌ಗಳಲ್ಲಿ ಇಂಟರ್‌ಕಾಮ್ ಇದ್ದರೆ ಹೊರಗಿನ ಲೈನ್‌ಗೆ ಮೊದಲು 0 ಅಥವಾ 9 ಒತ್ತಬೇಕಾಗುತ್ತದೆ. ಅದು ಗೊತ್ತಿಲ್ಲದವರು ಬರೀ 112 ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ, ಅಥವಾ 112ನೇ ರೂಮ್‌ಗೆ ರಿಂಗ್ ಆಗುತ್ತದೆ. ಅಮೆರಿಕದಲ್ಲಿ ಇದಕ್ಕೆಂದೇ ಕಾನೂನು ಇದೆ: 2020ರ ಫೆಬ್ರವರಿಯಿಂದ ಹೋಟೆಲ್, ಆಫೀಸುಗಳ ಹೊಸ ಫೋನ್ ವ್ಯವಸ್ಥೆಗಳಲ್ಲಿ ಯಾವ ಮುನ್ನಂಕಿಯೂ ಇಲ್ಲದೆ ಅಲ್ಲಿಯ ತುರ್ತು ನಂಬರ್ 911 ಹೋಗಲೇಬೇಕು. ನಿಮ್ಮ ಇಂಟರ್‌ಕಾಮ್ ಹಾಕಿದವನಿಗೆ ಹೇಳಿ, 112 ಮತ್ತು 108ನ್ನು ನೇರ ಹೊರಗೆ ಬಿಡುವಂತೆ ಸೆಟ್ಟಿಂಗ್ ಮಾಡಲಿ.

ತೋಟದ ಲೈನ್ ಮನೆಗಳಲ್ಲಿರುವ (ಸಾಲುಮನೆ) ಕೆಲಸಗಾರರಿಗೆ ವೈಫೈ ಇಲ್ಲವಲ್ಲ?

ಇದನ್ನು ತೋಟದ ಮಾಲೀಕರು ಕೇಳುವುದು ಕಡಿಮೆ, ಕೇಳಬೇಕಾದ ಪ್ರಶ್ನೆ ಇದು. ಬಂಗಲೆಗೆ ಫೈಬರ್ ಬರುತ್ತದೆ, ಲೈನ್ ಮನೆಗೆ ಏನೂ ಇಲ್ಲ, ಏಟು ಬೀಳುವುದು ಮಾತ್ರ ಮೊದಲು ಅಲ್ಲಿ: ಮರ ಹತ್ತುವವರು, ಮುಂಜಾನೆ ಆನೆ ದಾರಿಯಲ್ಲಿ ನಡೆದು ಬರುವವರು, ಹಾವು ಕಚ್ಚಿಸಿಕೊಳ್ಳುವವರು. ಲೈನ್‌ವರೆಗೆ ಒಂದು ವೈಫೈ ಡಬ್ಬಿ ಎಳೆಯುವುದು ಈಗ ಅಂಥ ದುಬಾರಿ ಕೆಲಸವೇನಲ್ಲ. ಅಷ್ಟೂ ಆಗದಿದ್ದರೆ ಒಂದು ಕೀಪ್ಯಾಡ್ ಫೋನ್ ಟವರ್ ಸಿಗುವ ಜಾಗದಲ್ಲಿ ಸದಾ ಚಾರ್ಜ್‌ನಲ್ಲಿರಲಿ. ಅಸ್ಸಾಂ ಕಡೆಯಿಂದ ಬಂದವರೂ ಈಗ ಜಾಸ್ತಿ ಇದ್ದಾರೆ. ಅವರು ಓದುವ ಲಿಪಿಯಲ್ಲೂ ವಿಳಾಸದ ಕಾಗದ ಬರೆಸಿ ಹಾಕಿ. ಮಧ್ಯರಾತ್ರಿ ತೋಟದ ಲೆಕ್ಕ ನೋಡುವ ರೈಟರ್ ಮನೆ ಬಾಗಿಲು ತಟ್ಟಿದರೆ ಬೈಸಿಕೊಳ್ಳಬೇಕಾಗುತ್ತದೆ ಅನ್ನೋ ಭಯ ಅವರಿಗೆ ಇರಬಾರದು.

ಮಗ ಅಮೆರಿಕದಲ್ಲಿದ್ದಾನೆ. ವಿಡಿಯೋ ಕಾಲ್‌ನಲ್ಲಿ ಮಾತಾಡುವಾಗಲೇ ಅಪ್ಪ ಕುಸಿದುಬಿದ್ದರೆ ಅವನು ಅಲ್ಲಿಂದ 108 ಮಾಡಬಹುದಾ?

ಅಲ್ಲಿಂದ 108 ಹೋಗುವುದಿಲ್ಲ. 112 ಒತ್ತಿದರೆ ಅಲ್ಲಿಯ 911ಕ್ಕೆ ಹೋಗಬಹುದು, ಅವರು ಕೊಪ್ಪಕ್ಕೆ ಗಾಡಿ ಕಳಿಸುವುದಿಲ್ಲ. +91 ಸೇರಿಸಿ 108 ಒತ್ತಿದರೂ ಪ್ರಯೋಜನವಿಲ್ಲ. ಅವನು ಮಾಡಬೇಕಾದ್ದು ಪಕ್ಕದ ಮನೆಯವರಿಗೆ, ಆಮೇಲೆ ಆಸ್ಪತ್ರೆ ಅಥವಾ ಠಾಣೆಯ ಲ್ಯಾಂಡ್‌ಲೈನ್‌ಗೆ. ಹೊರದೇಶದಿಂದ ಮಾಡುವಾಗ ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಬಿಡಬೇಕು: ಹಾಸನದ ನಂಬರ್ ಆದರೆ +91 8172, ಆಮೇಲೆ ಉಳಿದ ಅಂಕಿ. ಇದನ್ನು ಈಗಲೇ ಅವನ ಫೋನಿನಲ್ಲಿ ಸೇವ್ ಮಾಡಿಸಿ. ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಾದರೆ ಪಕ್ಕದವರದ್ದು ಒಂದಲ್ಲ, ಮೂರು ನಂಬರ್ ಇರಲಿ, ಅದರಲ್ಲಿ ಒಂದು ಜೀಪ್ ಇರುವವರದ್ದು.

ಪವರ್ ಬಟನ್ ಮೂರು ಸಲ ಒತ್ತಿದರೆ ಸಾಕು ಅನ್ನುತ್ತಾರೆ, ನಿಜವಾ?

ನಿಜ. ಪ್ಯಾನಿಕ್ ಬಟನ್ ಇಲ್ಲದ ಫೋನನ್ನು 2017ರ ಜನವರಿ 1ರಿಂದ ಮಾರುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತು. ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು. ಕೆಲವು ಆಂಡ್ರಾಯ್ಡ್‌ಗಳಲ್ಲಿ ಐದು ಸಲ ಒತ್ತುವುದೂ ಇದೆ, ಸೆಟ್ಟಿಂಗ್ಸ್‌ನಲ್ಲಿ ತುರ್ತು ಅನ್ನೋ ಭಾಗ ನೋಡಿ. ಆದರೆ ಇದು ನಿಮ್ಮ ಪರವಾಗಿ 112 ಒತ್ತುತ್ತದೆ ಅಷ್ಟೇ, ಹೊಸ ದಾರಿಯನ್ನೇನೂ ತೆರೆಯುವುದಿಲ್ಲ. ಟವರ್ ಇಲ್ಲದ ಮೇಲೆ ಬಟನ್ ಏನು ಮಾಡೀತು? 112 ಇಂಡಿಯಾ ಆ್ಯಪ್ ಹಾಕಿಕೊಳ್ಳುವುದಾದರೆ ಇವತ್ತೇ ಹಾಕಿ ಹೆಸರು, ನಂಬರ್ ನೋಂದಾಯಿಸಿ. ಆಪತ್ತು ಬಂದಾಗ ಓಟಿಪಿ ಕಾಯುತ್ತಾ ಕೂರಲಾಗುವುದಿಲ್ಲ.

ಸಿಮ್ ಇಲ್ಲದ ಹಳೇ ಫೋನ್ ಇಟ್ಟುಕೊಂಡರೆ 112 ಹೋಗುತ್ತದೆ ಅಂತಾರಲ್ಲ?

ಅದನ್ನು ನಂಬಿಕೊಂಡಿರಬೇಡಿ. ರೀಚಾರ್ಜ್ ಇರುವ ಸಿಮ್ ಹಾಕಿಡಿ.

ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ?

ದಾರಿಯಲ್ಲಿ ವೈಫೈ ಎಲ್ಲಿಂದ ಬರಬೇಕು. ಮೊದಲು 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಸಿಕ್ಕರೂ ಸಿಕ್ಕೀತು. ಸಿಗದಿದ್ದರೆ ಮೇಲಕ್ಕೊಂದು ಕೆಳಕ್ಕೊಂದು ಹೋಗುವ ಗಾಡಿ ನಿಲ್ಲಿಸಿ ಇಬ್ಬರ ಹತ್ತಿರವೂ ಹೇಳಿ ಕಳಿಸಿ: ಚಾರ್ಮಾಡಿಯಾದರೆ ಕೊಟ್ಟಿಗೆಹಾರದ ಕಡೆಗೊಬ್ಬರು, ಚಾರ್ಮಾಡಿ ಊರಿನ ಕಡೆಗೊಬ್ಬರು. ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿಯನ್ನು ಕಾಗದದ ಮೇಲೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಹತ್ತು ತಿರುವು ದಾಟುವಷ್ಟರಲ್ಲಿ ಬದಲಾಗಿರುತ್ತದೆ.

ಸ್ಯಾಟಲೈಟ್ ಫೋನ್ ತರಿಸಿಕೊಂಡರೆ?

ಬೇಡ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಹೊರದೇಶದ ಚಾರಣಿಗರು ತರುವ ಉಪಗ್ರಹದ ಮೆಸೇಜ್ ಡಬ್ಬಿಗಳಿಗೂ ಇದೇ ತಾಪತ್ರಯ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾರೆ. ಹಾಸನದಲ್ಲಿ ಕೂತು ಇಸ್ರೋದವರು 1982ರಿಂದ ಉಪಗ್ರಹಗಳನ್ನು ನಡೆಸುತ್ತಿದ್ದಾರೆ, ಪಕ್ಕದ ತಾಲೂಕಿನ ತೋಟದಲ್ಲಿ ನಿಂತವನಿಗೆ ಆಂಬುಲೆನ್ಸ್ ಕರೆಯಲು ಒಂದು ಕಡ್ಡಿ ಸಿಗ್ನಲ್ ಇಲ್ಲ. ಏನು ಮಾಡೋದು.

ಇದೆಲ್ಲ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡೋದು ಹೇಗೆ? 112ಕ್ಕೆ ಒಂದು ಸಲ ಮಾಡಿ ನೋಡಲಾ?

ಸುಮ್ನೆ 112 ಮಾಡಬೇಡಿ, ಆ ಹೊತ್ತಿಗೆ ಇನ್ಯಾರೋ ನಿಜವಾಗಿ ಕಾಯುತ್ತಿರುತ್ತಾರೆ. ವೈಫೈ ಕಾಲಿಂಗ್ ಪರೀಕ್ಷೆಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಮಾಮೂಲಿ ಡಯಲರ್‌ನಿಂದ ಸ್ನೇಹಿತರಿಗೆ ಫೋನ್ ಮಾಡಿ. ಹೋದರೆ ಸರಿ ಇದೆ. ಹೋಗದಿದ್ದರೆ ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಇದೆಯಾ ನೋಡಿ. ಆನ್ ಇದ್ದೂ ಆಗದಿದ್ದರೆ ನೆಟ್ ಹಾಕಿದವನಿಗೆ ‘ರೂಟರ್‌ನಲ್ಲಿ ಯುಡಿಪಿ 500, 4500 ಪೋರ್ಟ್ ಬ್ಲಾಕ್ ಆಗಿದೆಯಾ’ ಅಂತ ಕೇಳಿ, ಈ ಕರೆಗಳು ಹೋಗುವುದು ಅದರಲ್ಲೇ.

ಕರೆಂಟ್ ಪರೀಕ್ಷೆಗೆ ಮೇನ್ ಸ್ವಿಚ್ ಆಫ್ ಮಾಡಿ, ವೈಫೈ ನಿಂತಿತಾ ಉಳಿಯಿತಾ ನೋಡಿ, ಎಷ್ಟು ಹೊತ್ತು ಉಳಿಯುತ್ತದೆ ಅಂತಲೂ ನೋಡಿ. ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ, ಹಾಗಾಗಿ ಪ್ರತಿ ಸಲ ಮುಂಗಾರು ಶುರುವಾಗುವ ಮೊದಲು ಇದನ್ನು ಮಾಡಿ.

ಮಕ್ಕಳು ಆಟ ಆಡುತ್ತಾ 112 ಒತ್ತಿಬಿಟ್ಟರೆ ಕಟ್ ಮಾಡಿ ಓಡಬೇಡಿ. ‘ತಪ್ಪಿ ಒತ್ತಿಬಿಟ್ಟಿದ್ದೇವೆ, ತೊಂದರೆ ಏನಿಲ್ಲ’ ಅಂತ ಹೇಳಿ ಇಡಿ. ಹಾಗೇ ಕಟ್ ಮಾಡಿದರೆ ಮರಳಿ ಫೋನ್ ಬರುತ್ತದೆ. ಅದನ್ನಾದರೂ ಎತ್ತಿ.